ಬೀಗಾವತರಣ

ಇರುಳು ಕಂಡ ಬಾವಿಗೆ ಹಗಲು ಬೀಗರನ್ನು ಮೊದಲು ಇಳಿಸಬೇಕು ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಅವರು ಮಾಡಿಟ್ಟದ್ದು ಹಾಗಲ್ಲ, ಬೇರೆ ಎಂದು ಪಂಡಿತರು ತಕರಾರು ತೆಗೆಯಬಹುದು. ಪಾಪ, ಪಂಡಿತರಿಗೆ ಬೀಗರಿಲ್ಲ ಎಂದು ತಿಳಿದು ಅವರನ್ನು ಕ್ಷಮಿಸಿ ಮುಂದೆ ಹೋಗೋಣ. ಇದು ನಡೆದ ಕಥೆ. ಕಟ್ಟಿದ್ದಲ್ಲ, ಹೊಸೆದದ್ದಲ್ಲ, ಮುದುಡಿದ ಕಡೆ ಸ್ವಲ್ಪ ಇಸ್ತ್ರಿ ಹಾಕಿದ್ದಷ್ಟೇ.

ಸ್ವಸ್ತಿ. ಕಲಿಗಳೆಲ್ಲ ಮುಗಿದುಹೋದ ಮೇಲೆ ಬಂದ ಕಲಿಯುಗದಲ್ಲಿ, ಜಂಬೂದ್ವೀಪದಲ್ಲಿ, ಭರತಖಂಡದಲ್ಲಿ, ಮಲಪ್ರಭೆಗೆ ದಕ್ಷಿಣಕ್ಕೂ ತುಂಗಭದ್ರೆಗೆ ಉತ್ತರಕ್ಕೂ ಹಾಸಿ ಮಲಗಿದ ಎರೆಭೂಮಿಯ ನಡುಮಧ್ಯದಲ್ಲಿ, ಹೆಸರಿನ ಹೊಲಗಳು ಹೂವಾಗಿ ನಿಂತ ಆಷಾಢದ ಕಡೆಯ ಭಾನುವಾರದಂದು, ಇತ್ತಂಡದ ವೀರರು ಕೈಕೈ ಹಿಡಿದು, ನಗುನಗುತ್ತ, ಒಬ್ಬರಿಗೊಬ್ಬರು ನಮಸ್ಕರಿಸುತ್ತ ಹೋರಾಡಿದ ಆ ಘೋರ ಸಂಗ್ರಾಮವನ್ನು ಹಾಡುವುದಕ್ಕೆ, ಎಲೈ ವಾಗ್ದೇವಿಯೇ, ವೀಣೆಯನ್ನು ತುಸು ಬದಿಗಿಟ್ಟು ಇತ್ತ ಬಾ. ಮೊದಲು ನೀನು ಬಾ. ಇಲ್ಲ, ನೀನೇ ಮೊದಲು.

ಯಾರ ಕಥೆ ಇದು? ಹಿಟ್ಟಿನಗಿರಣೀಪಟ್ಟಾಭಿಷಿಕ್ತನೂ, ಜೋಳಗೋದಿಕಡಲೆಮೆಂತ್ಯಮರ್ದನನೂ, ಹುಬ್ಬುಮೀಸೆರೆಪ್ಪೆಗಳಲ್ಲಿ ನಿತ್ಯಧವಳಚೂರ್ಣಾಲಂಕೃತನೂ, ಗಾಂಧಿಟೋಪೀಕಿರೀಟಧಾರಿಯೂ, ಬೆಲ್ಲದ ಮನೆತನವೆಂಬ ಕಬ್ಬಿನ ಹಾಲಿನ ಕಡಲಿನಲ್ಲಿ ಸಕ್ಕರೆಕಾಯಿಲೆಯ ಸಮೇತ ಉದಿಸಿದ ಪೂರ್ಣಚಂದ್ರನೂ ಆದ ಅಂದಾನೆಪ್ಪ ಬೆಲ್ಲದನ ಕಥೆ. ಆಯುಷ್ಯವೆಲ್ಲ ಗಿರಣಿಯ ಸದ್ದಿನ ಮೇಲೆ ಮಾತಾಡಿದವನಾದ್ದರಿಂದ ಅವನು ಪಿಸುಗುಟ್ಟಿದರೆ ಎರಡು ಓಣಿಗೆ ಕೇಳುತ್ತಿತ್ತು. ನಕ್ಕರೆ ಊರಿನ ನಾಯಿಗಳು ಎದ್ದು ಜಾಗ ಬದಲಾಯಿಸುತ್ತಿದ್ದವು.

ಅವನ ಎದುರಾಳಿ ಅವನ ಬೀಗ, ದುಂಡಪ್ಪ ಮೆಣಸಿನಕಾಯಿ. ಬೆಲ್ಲಕ್ಕೂ ಮೆಣಸಿನಕಾಯಿಗೂ ನಂಟಸ್ತನ ಮಾಡಿಸಿದ ದೈವವು ಒಳ್ಳೆಯ ಅಡುಗೆಯವನಿರಬೇಕು. ದುಂಡಪ್ಪನು ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸೇವೆ ಮುಗಿಸಿದವನು, 'ಮುಂದ ನಡೀರಿ' ಎಂಬ ಮಹಾಮಂತ್ರವನ್ನು ಕಂಡುಕೊಂಡು, ಜಪಿಸಿ, ಸಿದ್ಧಿಸಿಕೊಂಡವನು. ಲೋಕವನ್ನೆಲ್ಲ ಮುಂದೆ ಸಾಗಿಸಿ ತಾನು ಮಾತ್ರ ಹಿಂದಿನ ಬಾಗಿಲಲ್ಲಿ ನಿಂತ ಆ ಯೋಗಿಯನ್ನು, ಯಾವುದೇ ಬಾಗಿಲಿನಲ್ಲಾಗಲಿ, ತನಗಿಂತ ಮೊದಲು ಒಳಗೆ ಕಳಿಸಿದ ಗಂಡಸು ಈ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಯುದ್ಧದ ಬೀಜ ಬಿದ್ದದ್ದು ಮದುವೆಯ ಪೆಂಡಾಲಿನಲ್ಲಿ. ಅಂದಾನೆಪ್ಪನ ಒಬ್ಬಳೇ ಮಗಳು ನೀಲಾಂಬಿಕಾ, ದುಂಡಪ್ಪನ ಮಗ ಸಂಗಮೇಶನ ಕೈ ಹಿಡಿದು, ಕಣ್ಣೀರು ಒರೆಸಿಕೊಂಡು ಗಾಡಿ ಹತ್ತುವ ಹೊತ್ತು. ದುಂಡಪ್ಪ ಮುಂದೆ ಬಂದು ಹೇಳಿದ, "ಬೀಗರ, ಇನ್ನ ಮ್ಯಾಲೆ ನಾವು ನೀವು ಒಂದ. ಏನರ ಬೇಕಂದ್ರ ಬಾಯಿ ಬಿಟ್ಟು ಕೇಳ್ರಿ."

ಒಳ್ಳೆಯ ಮಾತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅದೇ ಕ್ಷಣಕ್ಕೆ ಬ್ಯಾಂಡಿನವರು ಡೊಳ್ಳು ಜೋರು ಮಾಡಿದರು. ಡೊಳ್ಳಿಗೆ ತಕ್ಕಂತೆ ಅಂದಾನೆಪ್ಪನ ಎದೆಯೂ ಉಬ್ಬಿತು.

"ಬೆಲ್ಲದವರ ಮನಿತಾನದಾಗ ಬಾಯಿ ಬಿಟ್ಟು ಕೇಳಿದವರು ಒಬ್ರೂ ಇಲ್ರಿ ಬೀಗರ. ಕೊಟ್ಟವರ ಎಲ್ಲಾರೂ."

ಹೀಗೆ ಪ್ರತಿಜ್ಞೆಯಾಯಿತು. ಆಕಾಶದಿಂದ ಪುಷ್ಪವೃಷ್ಟಿ ಆಗಲಿಲ್ಲ. ಪೆಂಡಾಲಿನಲ್ಲಿ ಒಂದು ಬಲೂನು ಒಡೆಯಿತು.

ಪ್ರತಿಜ್ಞೆಯ ಬೆಲೆ ತಿಳಿದದ್ದು ಮೊದಲ ನಾಗರಪಂಚಮಿಗೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಆದರೆ ಅದಕ್ಕೊಂದು ರೀತಿಯಿದೆ. ತವರಿನ ಹಿರಿಯನು ಬೀಗರ ಎದುರು ನಿಂತು, "ನಮ್ಮ ಹುಡಿಗೀನ್ನ ಹಬ್ಬಕ್ಕ ಕಳಸ್ರಿ" ಎಂದು ಬಾಯಿ ಬಿಟ್ಟು ಕೇಳಬೇಕು. ಕೇಳದೆ ಕಳಿಸಿದರೆ ಗಂಡನ ಮನೆಯವರು ಅಟ್ಟಿದರು ಎಂದಾಗುತ್ತದೆ. ಕೇಳದೆ ಕರೆದೊಯ್ದರೆ ತವರಿನವರು ಕದ್ದರು ಎಂದಾಗುತ್ತದೆ. ಅಂದಾನೆಪ್ಪನು ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿಸಿ, ದಿನಾ ದುಂಡಪ್ಪನಿಗೆ ಫೋನು ಹಚ್ಚಿದನು. ಮಳೆಯ ವಿಷಯ ಕೇಳಿದನು, ಮೊಳಕಾಲಿನ ವಿಷಯ ಕೇಳಿದನು, ಎಮ್ಮೆ ಈದ ವಿಷಯ ಕೇಳಿದನು. ಅದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿ ಫೋನಿಟ್ಟನು. ಆ ತುದಿಯಲ್ಲಿ ದುಂಡಪ್ಪನೂ, ಇವತ್ತು ಕೇಳಿಯಾನು ನಾಳೆ ಕೇಳಿಯಾನು ಎಂದು ಕಾದನು.

ಪಂಚಮಿ ಬಂತು. ನೀಲಾ ಬರಲಿಲ್ಲ. ಸಂಜೆ ಯಾರೂ ಇಲ್ಲದ ಹೊತ್ತು ನೋಡಿ ಅಂದಾನೆಪ್ಪನೇ ಹೋಗಿ ಜೋಕಾಲಿಯ ಮೇಲೆ ಕೂತು, ಕಾಲನ್ನು ನೆಲಕ್ಕೆ ಒತ್ತಿ ಒಂದೆರಡು ಸಲ ತೂಗಿಕೊಂಡನು. ಬೇವಿನ ಟೊಂಗೆ ಅವನ ದುಃಖವನ್ನು ತಡೆದುಕೊಂಡಿತು. ತೂಕವನ್ನು ತಡೆಯಲಿಲ್ಲ.

ಈಗ ಎರಡನೆಯ ಪಂಚಮಿ ವಾರದೊಳಗೆ ಬಂದು ನಿಂತಿದೆ. ಎರಡೂ ಮನೆಯವರು ಕೂಡಿ ಹೂಲಗುಂದಿಯ ಗುಡಿ, ಕೆರೆ, ಬಾವಿಗಳನ್ನು ನೋಡಿಬರೋಣ ಎಂದು ನೀಲಾಳೇ ಫೋನಿನಲ್ಲಿ ಹಟ ಹಿಡಿದು ಈ ಭಾನುವಾರವನ್ನು ಗೊತ್ತು ಮಾಡಿದ್ದಳು. ಅವಳು ಇತಿಹಾಸ ಓದಿದವಳು. ಕಾಲೇಜಿನ ಗ್ಯಾದರಿಂಗಿನಲ್ಲಿ ವರ್ಷವರ್ಷವೂ ಏನೋ ಬಹುಮಾನ ಹೊತ್ತು ತರುತ್ತಿದ್ದಳು. ಯಾತಕ್ಕೆ ಕೊಟ್ಟರು ಎಂದು ಅಂದಾನೆಪ್ಪ ಕೇಳಿರಲಿಲ್ಲ, ಕೇಳುವ ಮನೆತನವಲ್ಲವಲ್ಲ.

ಹೊರಡುವ ಮುಂಚೆ ಹೆಂಡತಿ ಗೌರವ್ವ ಶಂಖ ಊದಿದಳು.

"ಇವತ್ತ ಕೇಳಿದ್ರ ಕೇಳಿದ್ರಿ. ಇಲ್ಲಂದ್ರ ಈ ವರ್ಷ ನಮ್ಮನ್ಯಾಗ ಉಂಡಿ ಕಟ್ಟೂದಿಲ್ಲ. ತಿನ್ನಬೇಕನಿಸಿದ್ರ ಗಿರಣಿಗೆ ಹೋಗಿ ಹಿಟ್ಟ ಮುಕ್ಕರಿ."

"ನಾ ಕೇಳೂ ಪ್ರಸಂಗನ ಬರೂದಿಲ್ಲ, ನೋಡ್ತಿರು. ಅವರ ಕೊಡ್ತಾರ."

"ನಾನರ ಕೇಳಲೇನು?"

"ನಾ ಸತ್ತ ಮ್ಯಾಲೆ ಕೇಳು."

ಅಂದಾನೆಪ್ಪನ ವ್ಯೂಹ ಸರಳವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಬೀಗನನ್ನು ಉಪಚಾರದಲ್ಲಿ ಮುಳುಗಿಸುವುದು. ಎಲ್ಲ ಬಾಗಿಲಲ್ಲೂ ಅವನನ್ನೇ ಮೊದಲು ಮಾಡುವುದು, ಎಲ್ಲ ಭಾರವನ್ನೂ ತಾನೇ ಹೊರುವುದು. ಋಣದ ಹೊರೆ ತಾಳಲಾರದೆ ಆ ಮೆಣಸಿನಕಾಯಿ ತಾನಾಗಿಯೇ ಬಾಡಿ ಬಾಗಿ, "ಹುಡಿಗೀನ್ನ ಕರಕೊಂಡ ಹೋಗ್ರಿ ಬೀಗರ" ಎನ್ನುವಂತೆ ಮಾಡುವುದು.

ಮೊದಲ ಕಾಳಗ ದುಂಡಪ್ಪನ ಮನೆಯ ಅಂಗಳದಲ್ಲೇ ಆಯಿತು. ದುಂಡಪ್ಪನು ಕೆಂಪು ಬಣ್ಣದ, ಬಸುರಿ ಎಮ್ಮೆಯಂಥ ಬ್ಯಾಗೊಂದನ್ನು ಎತ್ತಿಕೊಂಡು ಹೊರಗೆ ಬಂದನು. ಅದನ್ನು ಕಂಡ ಅಂದಾನೆಪ್ಪನು, ಆನೆಯನ್ನು ಕಂಡ ಸಿಂಹದಂತೆ ಹಾರಿ ಅದರ ಹಿಡಿಕೆಗೆ ಕೈ ಹಾಕಿದನು.

"ನಾ ಇರೂತನಕ ನೀವ ಭಾರ ಹೊರೂದ ಬೀಗರ?"

"ಬಿಡ್ರಿ, ನಮ್ಮನಿ ಬ್ಯಾಗ ಇದು."

"ನಿಮ್ಮನಿ ಬ್ಯಾಗ ಅಂದ್ರ ನಮ್ಮನಿದಲ್ಲೇನು?"

ದುಂಡಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದನು. ಮೀಸೆಯ ಕೆಳಗೆ ಏನೋ ಮಿಸುಕಿತು. "ಹಂಗಂದ್ರ ನೀವ ಹೊರ್ರಿ," ಎಂದು ಬಿಟ್ಟುಕೊಟ್ಟನು.

"ಏನೈತ್ರಿ ಇದರಾಗ? ಕಲ್ಲ ತುಂಬೀರೇನು?"

"ಏನಿಲ್ಲ, ಹೆಣ್ಣುಮಕ್ಕಳ ಸಾಮಾನ."

ಮೊದಲ ಜಯ. ಏದುಸಿರು ಬಿಡುತ್ತ ಬ್ಯಾಗನ್ನು ಗಾಡಿಗೆ ಏರಿಸಿದ ಅಂದಾನೆಪ್ಪನು, ದಾರಿಯುದ್ದಕ್ಕೂ ಅದರ ಮೇಲೆ ಮೊಳಕೈ ಊರಿ, ಗೆದ್ದ ಕೋಟೆಯ ಮೇಲೆ ಕೂತ ಅರಸನಂತೆ ಕೂತನು. ಎರಡನೆಯ ಕಾಳಗ ಗಾಡಿಯ ಮುಂದಿನ ಸೀಟಿಗಾಗಿ. ನೀವು ಕುಂದರ್ರಿ, ಇಲ್ಲ ನೀವು ಕುಂದರ್ರಿ. ಈ ವಾಗ್ವಾದ ತೀರುವ ಲಕ್ಷಣ ಕಾಣದೆ ಅಳಿಯ ಸಂಗಮೇಶ ಗಾಡಿ ಚಾಲೂ ಮಾಡಿದನು. ವೀರರಿಬ್ಬರೂ ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ ಹಿಂಡಿ ಕೂತರು. ಮುಂದಿನ ಸಿಂಹಾಸನದ ಮೇಲೆ ರೊಟ್ಟಿಬುತ್ತಿಯ ಗಂಟು ಒಂದೇ, ಬೆಲ್ಟು ಹಾಕಿಸಿಕೊಂಡು, ಗಾಳಿ ಸೇವಿಸುತ್ತ ಹೂಲಗುಂದಿಗೆ ಬಂತು.

ಅಹಹಾ ಹೂಲಗುಂದಿ. ಹಿಂದೊಮ್ಮೆ ಅರಸರ ಬೀಡು, ಈಗ ಪಾರಿವಾಳಗಳ ನಾಡು. ಹೆಜ್ಜೆಗೊಂದು ಗುಡಿ, ಗುಡಿಗೊಂದು ಬಾವಿ, ಬಾವಿಗೊಂದು ಐತಿಹ್ಯ. ಕಡೆದ ಕಂಬಗಳೋ ಬೆಣ್ಣೆಯನ್ನು ಬಡಗಿಯ ಚರಕಿಗೆ ಹಾಕಿ ತಿರುಗಿಸಿದಂಥವು. ಊರಿನ ಎರಡು ಕಡೆಗೆ ಎರಡು ಕೆರೆ, ಹಿರೇಕೆರೆ ಮತ್ತು ಕಿರೇಕೆರೆ. ಆಕಾಶವು ಮುಖ ನೋಡಿಕೊಂಡು ಮರೆತುಹೋದ ಕನ್ನಡಿಗಳಂತೆ ಹೊಳೆಯುತ್ತ ಬಿದ್ದಿದ್ದವು.

ಹಿರೇಕೆರೆಯ ದಂಡೆಯಲ್ಲಿ ಕಾಲು ತೊಳೆಯಬೇಕಿತ್ತು. "ನೀವ ಮೊದಲ." "ಎಲ್ಲ್ಯರ ಉಂಟ, ನೀವ ಮೊದಲ." ಇಬ್ಬರೂ ಧೋತರ ಎತ್ತಿ ಹಿಡಿದುಕೊಂಡು, ಕೊಕ್ಕರೆಗಳಂತೆ, ಬಿಸಿಲೇರುವವರೆಗೆ ನಿಂತರು. ಕೊನೆಗೆ ಎಮ್ಮೆಗಳ ಹಿಂಡೊಂದು ಯಾರ ಅಪ್ಪಣೆಯನ್ನೂ ಪಡೆಯದೆ ನಡುವೆ ನುಗ್ಗಿ ಮೊದಲು ಇಳಿಯಿತು. ರಾಡಿಯಾದ ನೀರಿನಲ್ಲಿ ಎಮ್ಮೆಗಳ ಹಿಂದೆ ಇಬ್ಬರೂ ಸಮಾಧಾನದಿಂದ ಕಾಲು ತೊಳೆದರು. ಎಮ್ಮೆಗಳು ಯಾರ ಬೀಗರೂ ಅಲ್ಲ.

ಆಮೇಲೆ ಕಲ್ಮೇಶ್ವರನ ಗುಡಿ. ಅದರೊಳಗೆ ಅಂದಾನೆಪ್ಪನಿಗೆ ಆದ ಅನುಭವವನ್ನು ಅವನು ಯಾರಿಗೂ ಹೇಳಲಿಲ್ಲ. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟವನಿಗೆ ಕಣ್ಣು ಕತ್ತಲೆ ಕಟ್ಟಿತು. ಗರ್ಭಗುಡಿಯ ಗಿಡ್ಡ ಬಾಗಿಲ ಮುಂದೆ ಬಗ್ಗಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೆಮ್ಮು. ಕೆಮ್ಮಿನ ಹಿಂದೆ ದುಂಡಪ್ಪನ ಗೊಗ್ಗರು ದನಿ.

"ಮುಂದ ನಡೀರಿ, ಬೀಗರ."

ವಿದ್ಯುತ್ತು ಮುಟ್ಟಿದವನಂತೆ ಅಂದಾನೆಪ್ಪ ತಿರುಗಿ, ಕತ್ತಲೆಗೆ ಕೈಮುಗಿದು, ಬದಿಗೆ ಸರಿದನು. "ಛೇ, ಛೇ, ನೀವ ಮೊದಲ ಬರ್ರಿ."

"ನಡೀರಿ, ಮುಂದ ಜಾಗಾ ಭಾಳ ಐತಿ."

"ನೀವು ಗಂಡಿನ ಕಡ್ಯಾವ್ರು. ನಿಮ್ಮನ್ನ ಹಿಂದ ಹಾಕಿ ನಾ ಮುಂದ ಹೋಗಲೇನು? ಬರ್ರಿ, ಬರ್ರಿ."

ಯಾರೂ ಬರಲಿಲ್ಲ. ಅಂದಾನೆಪ್ಪ ಇನ್ನೂ ಬಗ್ಗಿದನು, ಇನ್ನೂ ಸರಿದನು. ಬಾವಲಿಯೊಂದು ಅವನ ಆಹ್ವಾನವನ್ನು ಸ್ವೀಕರಿಸಿ ಮುಂದೆ ಹಾರಿಹೋಯಿತು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಅವನು ಅಷ್ಟು ಹೊತ್ತೂ ನಮಸ್ಕರಿಸುತ್ತಿದ್ದದ್ದು ಒಂದು ದುಂಡು ಕಂಬಕ್ಕೆ ಎಂದು ತಿಳಿಯಿತು. ಹೊರಗೆ ಬಂದು ನೋಡಿದರೆ ದುಂಡಪ್ಪನು ದೂರದ ಪಾನಂಗಡಿಯ ಮುಂದೆ ಸೋಡಾ ಕುಡಿಯುತ್ತ ನಿಂತಿದ್ದಾನೆ. ನೀಲಾ ಮಾತ್ರ ಕಂಬದ ಮರೆಯಿಂದ ಬಂದು, "ಶಿಲ್ಪ ಭಾಳ ಛಲೋ ಅದಾವಲ್ಲಪ್ಪಾ?" ಎಂದಳು.

"ಹೂಂ. ಕಂಬ ಅಗದೀ ಜೀವಂತ ಅದಾವ," ಎಂದನು ಅಂದಾನೆಪ್ಪ, ಬೆವರು ಒರೆಸಿಕೊಳ್ಳುತ್ತ.

ಕಿರೇಕೆರೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡದ್ದಾಯಿತು. ಅಲ್ಲಿಯೂ ನೀವು ಮೊದಲು ಮುರಿಯಿರಿ ಎಂದು ರೊಟ್ಟಿಗಳು ಆರಿ ಹಪ್ಪಳವಾದವು. ಸೂರ್ಯನು ನೆತ್ತಿ ದಾಟಿದನು. ಋಣದ ಹೊರೆ ಹೊತ್ತ ಲಕ್ಷಣ ದುಂಡಪ್ಪನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಸುಖವಾಗಿ ತೇಗಿ, ಎಲೆಗೆ ಸುಣ್ಣ ಹಚ್ಚುತ್ತಿದ್ದನು. ಗೌರವ್ವ ಬೀಗತಿ ಶಂಕ್ರವ್ವನ ಜೊತೆ ನಗುತ್ತ ಮಾತಾಡುತ್ತಲೇ ಗಂಡನ ಕಡೆಗೊಮ್ಮೆ ಕಣ್ಣು ಹಾಯಿಸಿದಳು. ಆ ನೋಟದಲ್ಲಿ ಉಂಡಿಯಿರಲಿಲ್ಲ, ಗುಂಡಿತ್ತು.

ಅಂದಾನೆಪ್ಪ ಎದ್ದು ನೀರಿನ ಅಂಚಿಗೆ ಹೋಗಿ ನಿಂತನು. ಆ ದೊಡ್ಡ ದನಿಯ ಮನುಷ್ಯನೊಳಗೆ ಒಂದು ಸಣ್ಣ ಮಾತು ಗಂಟಲಿನವರೆಗೆ ಬರುವುದು, ಮನೆತನದ ಹೆಸರು ಕೇಳಿದೊಡನೆ ಒಳಗೋಡುವುದು, ಹೀಗೇ ಬೆಳಗಿನಿಂದ ನಡೆದಿತ್ತು. ನೀಲಾ ಹಿಂದೆಯೇ ಬಂದಳು.

"ಇನ್ನ ಒಂದ ಬಾವಿ ಉಳದೈತಪ್ಪಾ. ಬೀಗರ ಬಾವಿ."

"ಏನ ಬಾವಿ?"

"ಹಿಂದಕ ಇಲ್ಲೆ ಇಬ್ರು ಅರಸರು ಬೀಗರಿದ್ರಂತ. ಯಾವ ಬೀಗ ಮೊದಲ ಆ ಬಾವಿ ನೀರಿಗೆ ಕಾಲ ಇಡತಾನ, ಅವನ ಮಾತಿಗೆ ಇನ್ನೊಬ್ಬ ಒಲ್ಲೆ ಅನ್ನೂಹಂಗಿಲ್ಲ. ನಮ್ಮ ಹಿಸ್ಟರಿ ಸರ್ ಹೇಳ್ತಿದ್ರು."

"ಅಂದ್ರ, ಮೊದಲ ಇಳದಾಂವ ಕೇಳಬೇಕು?"

"ಕೇಳೂದಲ್ಲಪ್ಪಾ. ಅದು ಹಕ್ಕು."

ಹಕ್ಕು. ಆ ಎರಡಕ್ಷರ ಕಿವಿಯಿಂದ ಇಳಿದು, ಎದೆಯನ್ನು ಹೊಕ್ಕು, ಅಲ್ಲಿ ಮದುವೆಯ ದಿನದಿಂದ ಜಾಮಾಗಿದ್ದ ಯಾವುದೋ ಚಕ್ರವನ್ನು ತಿರುಗಿಸಿತು. ಪ್ರತಿಜ್ಞೆಯೂ ಉಳಿಯುತ್ತದೆ, ಮಗಳೂ ಬರುತ್ತಾಳೆ. ಬೇಕಾದದ್ದು ಇಷ್ಟೇ: ಮೊದಲು ಇಳಿಯುವುದು. ಅದು ಕಷ್ಟವಲ್ಲ. ಇವನು "ನೀವ ಮೊದಲ" ಎನ್ನುತ್ತಾನೆ, ದುಂಡಪ್ಪ "ನೀವ ಮೊದಲ" ಎನ್ನುತ್ತಾನೆ, ಮೂರನೆಯ ಸಲಕ್ಕೆ ಇವನು "ನೀವು ಇಷ್ಟ ಅಂತೀರಂದ್ರ" ಎಂದು ಇಳಿದುಬಿಡುತ್ತಾನೆ. ಸೂರ್ಯಚಂದ್ರರಿರುವವರೆಗೆ ದುಂಡಪ್ಪನು ಇನ್ನೊಬ್ಬರನ್ನು ಮುಂದೆ ಕಳಿಸದೆ ಇರಲಾರನು.

ಬಾವಿ ಎಂದರೆ ಎಂಥ ಬಾವಿ. ಭೂದೇವಿಯು ಪಾತಾಳದ ಕಡೆಗೆ ಬಾಯಿ ತೆರೆದು ಆಕಳಿಸಿದಂತೆ, ನಾಲ್ಕು ದಿಕ್ಕಿನಿಂದಲೂ ಕಲ್ಲಿನ ಸೋಪಾನಪಂಕ್ತಿಗಳು ತಲೆತಿರುಗುವಂತೆ ಕೆಳಗಿಳಿದು, ಗೋಡೆಯ ಗೂಡುಗಳಲ್ಲಿ ಪಾರಿವಾಳಗಳು ಗುಟುರು ಹಾಕುತ್ತ, ಆಳದಲ್ಲಿ ಹಸಿರು ನೀರು ಶೇಷನ ಹೆಡೆಮಣಿಯಂತೆ ಮಿನುಗುತ್ತಿದೆ ಎಂದು ಬಾವಿಗಳ ಕುರಿತು ಬಲ್ಲವರು ಹೇಳುತ್ತಾರೆ. ಹೆಂಗಸರು ಮೇಲೆ ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾದ ಪೊಟ್ಟಣ ಬಿಚ್ಚಿದರು. ಅಳಿಯ ಮೊಬೈಲು ಹಿಡಿದು ನಿಂತನು. ಬೀಗರಿಬ್ಬರೂ ಮೊದಲ ಮೆಟ್ಟಿಲಿನ ನೆತ್ತಿಯಲ್ಲಿ ಎದುರುಬದುರಾದರು.

ಅಂದಾನೆಪ್ಪ ಬಾಣ ಬಿಟ್ಟನು. "ನೀವ ಮೊದಲ, ಬೀಗರ."

"ಆತ ನಡೀರಿ," ಎಂದನು ದುಂಡಪ್ಪ. "ನಾನ ಮೊದಲ."

ಗಾಳಿ ನಿಂತಿತು. ಕೆರೆಯಲ್ಲಿ ಎಮ್ಮೆಗಳು ಮೆಲುಕು ನಿಲ್ಲಿಸಿದವು. ಬೀಗರೆಂಬ ಕುಲ ಭೂಮಿಯ ಮೇಲೆ ಹುಟ್ಟಿದಂದಿನಿಂದ ಯಾರೂ ಕೇಳಿರದ ಮಾತದು. ದುಂಡಪ್ಪನ ಬಲಗಾಲು, ಕಾಲಪುರುಷನ ಗದೆಯಂತೆ, ಮೆಟ್ಟಿಲಿನ ಕಡೆಗೆ ಎದ್ದಿತು.

'ನಿಲ್ಲು, ಎಲವೋ ಟಿಕೀಟುಹರಿಕಕುಲಾಗ್ರಣಿಯೇ,' ಎಂದು ಅಂದಾನೆಪ್ಪ ಮನದಲ್ಲೇ ಗರ್ಜಿಸಿದನು. 'ಗೋದಿಯನ್ನು ರವೆ ಮಾಡಿದ ಈ ತೋಳುಗಳು ನಿನ್ನನ್ನು ಹಿಟ್ಟು ಮಾಡದೆ ಬಿಟ್ಟಾವೆ? ಈ ಬಾವಿಯ ಮೊದಲ ನೀರು ನನ್ನದು, ಈ ಪಂಚಮಿ ನನ್ನದು, ಆ ಜೋಕಾಲಿ ನನ್ನ ಮಗಳದು.' ಆದರೆ ಬಾಯಿಂದ ಹೊರಗೆ ಬಂದದ್ದು ಬೇರೆ.

"ತಡೀರಿ ಬೀಗರ, ಪಾಚಿಗಟ್ಟೈತಿ. ನಾ ಮುಂದ ಹೋಗಿ ಗಟ್ಟಿ ಐತೋ ಇಲ್ಲೋ ನೋಡತೀನಿ."

"ನಿಮ್ಮನ್ನ ಜಾರೂ ಜಾಗಾಕ ನೂಕಿ ನಾ ಹಿಂದ ನಿಂದ್ರಲೇನು? ಅದು ಆಗೂದಿಲ್ಲ. ನಾನ ಹೋಗತೀನಿ."

"ನಿಮ್ಮ ಮೊಳಕಾಲ ನೋವರಿ."

"ನಿಮಗ ಸಕ್ಕರಿ ಬ್ಯಾನಿ. ಕಾಲಿಗೆ ಗಾಯ ಆದ್ರ ಮಾಯೂದಿಲ್ಲ."

"ನನ್ನ ಗಾಯದ ಚಿಂತಿ ಬಿಡ್ರಿ. ನಿಮಗೇನರ ಆದ್ರ ನನ್ನ ಮಗಳ ಕುಂಕುಮ..." ಎಂದು ಆವೇಶದಲ್ಲಿ ಶುರು ಮಾಡಿ, ಲೆಕ್ಕ ತಪ್ಪಿತು ಎಂದು ಗೊತ್ತಾಗಿ, "ನಮ್ಮ ಬೀಗತಿಯವರ ಕುಂಕುಮದ ವಿಚಾರ ಮಾಡ್ರಿ," ಎಂದು ತಿದ್ದಿದನು.

ಕಟ್ಟೆಯ ಮೇಲಿನಿಂದ ಬೀಗತಿ ಶಂಕ್ರವ್ವ ಶೇಂಗಾ ಸಿಪ್ಪೆ ಊದಿದಳು. "ನನ್ನ ಕುಂಕುಮಕ್ಕೇನೂ ಆಗೂದಿಲ್ರಿ ಅಣ್ಣಾರ. ಬಸ್ಸಿನಾಗಿಂದ ಬಿದ್ದರೂ ಎದ್ದು ಬಂದಾರ."

ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎಂದು ಬಾಹುಯುದ್ಧ ಮೊದಲಾಯಿತು. ಬೀಗನು ಜಾರದಿರಲೆಂದು ಅಂದಾನೆಪ್ಪ ದುಂಡಪ್ಪನ ರಟ್ಟೆ ಹಿಡಿದನು. ಬೀಗನು ಜಾರದಿರಲೆಂದು ದುಂಡಪ್ಪ ಅಂದಾನೆಪ್ಪನ ಸೊಂಟ ಹಿಡಿದನು. ಹೀಗೆ ಪರಸ್ಪರ ರಕ್ಷಣಾರ್ಥವಾಗಿ ಪರಸ್ಪರರನ್ನು ಹಿಂದಕ್ಕೆ ಎಳೆಯುತ್ತ, ನಗುಮುಖದಿಂದ ಹಲ್ಲು ಕಚ್ಚುತ್ತ, "ಸಾವಕಾಶ ಬೀಗರ" ಎನ್ನುತ್ತ ಮೊಳಕೈಯಿಂದ ತಿವಿಯುತ್ತ, ಒಂದು ಮೆಟ್ಟಿಲು ಇಳಿದರು. ಅದು ಇಳಿದದ್ದೋ ಜಾರಿದ್ದೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಯುಗಗಳು ಕಳೆದವು. ಎರಡನೆಯ ಮೆಟ್ಟಿಲಿನಲ್ಲಿ ಇಬ್ಬರ ಧೋತರದ ಚುಂಗುಗಳು ಒಂದಕ್ಕೊಂದು ಸುತ್ತಿಕೊಂಡು, ಸಂಬಂಧ ಇನ್ನಷ್ಟು ಗಟ್ಟಿಯಾಯಿತು. ಮನ್ವಂತರಗಳು ಉರುಳಿದವು.

"ಅಕ್ಕಾರ, ಇನ್ನೊಂದ ಪೊಟ್ಟಣ ಐತೇನು?" ಎಂದಳು ಗೌರವ್ವ.

ಮೂರನೆಯ ಮೆಟ್ಟಿಲಿನಲ್ಲಿ ಇಬ್ಬರೂ ನಿಂತರು. ಉಸಿರು ನಿಂತದ್ದರಿಂದ ನಿಂತರು. ದುಂಡಪ್ಪನು ಒಂದು ಕೈಯಿಂದ ಅಂದಾನೆಪ್ಪನನ್ನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಆಗಲೇ ಸುತ್ತಿಟ್ಟಿದ್ದ ಎಲೆಯಡಿಕೆಯನ್ನು ಬಾಯಿಗೆ ತುಂಬಿಕೊಂಡನು. ಗಲ್ಲ ಉಬ್ಬಿತು, ತುಟಿ ಮುಚ್ಚಿತು. ಇನ್ನು ಅವನಿಂದ ಮಾತು ಹೊರಡುವಂತಿರಲಿಲ್ಲ. ಅಂದಾನೆಪ್ಪ ಇಕ್ಕಟ್ಟಿಗೆ ಸಿಕ್ಕಿದನು. ಬೀಗನ ಅಪ್ಪಣೆಯಿಲ್ಲದೆ ಮುಂದೆ ಹೋದರೆ ಗಂಡಿನ ಕಡೆಯವರನ್ನು ದಾಟಿಹೋದ ಅಪಕೀರ್ತಿ. ಹೋಗದಿದ್ದರೆ ಖಾಲಿ ಜೋಕಾಲಿ. ಹಿಂದೆ ಮರ್ಯಾದೆ, ಮುಂದೆ ಮಗಳು, ನಡುವೆ ಪಾಚಿ.

ಆಗ ಕೇಳಿತು ಆ ದನಿ.

"ನಡೀರಿ ಮುಂದ, ಬೀಗರ. ಮುಂದ ಜಾಗಾ ಭಾಳ ಐತಿ. ರೈಟ್, ರೈಟ್."

ದುಂಡಪ್ಪನ ದನಿ. ಅದೇ ಗೊಗ್ಗರು, ಅದೇ ಕೆಮ್ಮು, ಕೊನೆಯ 'ರೈಟ್' ಎಳೆಯುವ ಅದೇ ರಾಗ. ಆದರೆ ದುಂಡಪ್ಪನ ಬಾಯಿ ಕಣ್ಣೆದುರಿಗೇ ಮುಚ್ಚಿತ್ತು. ಇದು ಹೇಗೆ ಎಂದು ತಲೆಯು ವಿಚಾರಿಸುವುದರೊಳಗೆ ಕಾಲುಗಳು ಹೊರಟುಬಿಟ್ಟವು. ಹುಟ್ಟಿದಂದಿನಿಂದ ಸರಕಾರಿ ಬಸ್ಸು ಹತ್ತಿದ ಕಾಲುಗಳವು. ಆ ಮಂತ್ರಕ್ಕೆ ಎದುರಾಡಿದ ಚರಿತ್ರೆ ಅವಕ್ಕಿಲ್ಲ. ಬೀಗನ ಹಿಡಿತ ತಪ್ಪಿತು, ಧೋತರದ ಗಂಟು ಬಿಚ್ಚಿತು, ಗಾಂಧಿಟೋಪಿ ಗಾಳಿಗೆ ಹಾರಿತು. ಗಿರಣೀಶ್ವರನೂ ಪ್ರತಿಜ್ಞಾಬದ್ಧನೂ ಪಾತಾಳಾಭಿಮುಖನೂ ಆದ ಅಂದಾನೆಪ್ಪ ಬೆಲ್ಲದನು ಮಹಾರ್ಣವಕ್ಕೆ ಧುಮುಕಿದನು.

ಪಚಕ್ ಎಂದಿತು.

ನೀರು ಮೊಳಕಾಲಿನವರೆಗೆ ಬಂತು.

ನಿಜ ಹೇಳುವ ಹೊತ್ತು ಬಂದಿದೆ. ಆ ವರ್ಷ ಮಳೆ ಚೆನ್ನಾಗಿತ್ತು. ಬಾವಿಯ ಮೆಟ್ಟಿಲುಗಳೆಲ್ಲ, ಅದರ ಪಾತಾಳವೆಲ್ಲ, ನೀರೊಳಗಿದ್ದವು. ಹೊರಗೆ ಉಳಿದಿದ್ದವು ಮೂರು. ಮೇಲೆ ಕೂತ ಹೆಂಗಸರು ಕಾಲು ಚಾಚಿದ್ದರೆ ಅವರ ಹೆಬ್ಬೆರಳೂ ನೀರಿಗೆ ತಾಗುತ್ತಿತ್ತೇನೋ.

"ಮೂರ ಮೆಟ್ಟಲಾ ಇಳ್ಯಾಕ," ಎಂದಳು ಗೌರವ್ವ, "ಒಂದೂವರಿ ಪೊಟ್ಟಣ ಶೇಂಗಾ ಖರ್ಚಾತು."

ಅಂದಾನೆಪ್ಪನಿಗೆ ಅದೊಂದೂ ಕೇಳಲಿಲ್ಲ. ಅವನು ನೀರಿನಲ್ಲಿ ನಿಂತಿದ್ದನು, ಮೊದಲು ನಿಂತಿದ್ದನು, ಗೆದ್ದು ನಿಂತಿದ್ದನು. ತೋರುಬೆರಳನ್ನು ಆಕಾಶಕ್ಕೆ ಎತ್ತಿದನು. 'ಮೆಣಸಿನಕಾಯಿವಂಶಾವತಂಸನೇ, ಕೇಳು, ಈ ಬಾವಿಯ ಪುರಾತನ ಶಾಸನದಂತೆ, ಜಯಿಸಿದವನ ಹಕ್ಕಿನಿಂದ ಆಜ್ಞಾಪಿಸುತ್ತಿದ್ದೇನೆ,' ಎಂದು ಶುರು ಮಾಡಬೇಕು. ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಬಾಯಿ ತೆರೆದನು. ಮೇಲೆ, ಕಟ್ಟೆಯ ಅಂಚಿನಲ್ಲಿ, ನೀಲಾ ಎರಡೂ ಕೈಯಿಂದ ಸೆರಗು ಹಿಡಿದುಕೊಂಡು ತನ್ನನ್ನೇ ನೋಡುತ್ತಿರುವುದು ಕಂಡಿತು. ಎತ್ತಿದ ಬೆರಳು ಇಳಿಯಿತು. ಗಿರಣಿ ಬಂದಾದ ಮೇಲೆ ಉಳಿಯುವಂಥ ಸಣ್ಣ ದನಿಯಲ್ಲಿ ಅವನು ಹೇಳಿದನು:

"ನಮ್ಮ ನೀಲಾನ್ನ ಪಂಚಮಿಗೆ ಕಳಸ್ರಿ, ಬೀಗರ. ಹೋದ ವರ್ಷ ಜೋಕಾಲಿ ಖಾಲಿ ಉಳೀತರಿ."

ದುಂಡಪ್ಪನು ಅವಸರವಿಲ್ಲದೆ ಮೇಲೆ ಹತ್ತಿ, ಬಾವಿಯ ಹೊರಗೆ ಹೋಗಿ ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು ಮರಳಿ ಬಂದನು.

"ಈ ಒಂದ ಮಾತಿಗೆ ಎರಡ ಪಂಚಮಿ ಕಾದೇನ್ರಿ ನಾನು. ನೀವು ಫೋನ್ ಹಚ್ಚಿದಾಗೊಮ್ಮೆ ಇವತ್ತ ಕೇಳ್ತೀರಿ, ಇವತ್ತ ಕೇಳ್ತೀರಿ ಅಂತ. ನಮ್ಮ ಎಮ್ಮೀ ಆರೋಗ್ಯ ನಿಮ್ಮಷ್ಟ ಯಾರೂ ವಿಚಾರಿಸಿಲ್ಲ ಬಿಡ್ರಿ. ಕರೀದ ಹ್ಯಾಂಗ ಕಳಸೂದು?"

"ಹಂಗಂದ್ರ, ಕಳಸ್ತೀರಿ?"

"ಕಳಸೂದೇನು. ಅಕೀ ಸೀರಿ ಅರಬಿ ತುಂಬಿದ ಬ್ಯಾಗ ಮುಂಜಾನೇನ ಗಾಡಿಗೆ ಹೇರೀರಲ್ಲ, ನೀವ. ನಾ ಒಲ್ಲೆ ಅಂದ್ರೂ ಕಸಗೊಂಡ್ರಿ. ನಿಮ್ಮನಿ ಬ್ಯಾಗ ಅಂದ್ರ ನಮ್ಮನಿದಲ್ಲೇನು ಅಂದ್ರಿ."

ಅಂದಾನೆಪ್ಪನಿಗೆ ಮೊಳಕೈಯಲ್ಲಿ ಆ ಕೆಂಪು ಬ್ಯಾಗಿನ ಮೆತ್ತನೆಯ ನೆನಪು ಇನ್ನೂ ಇತ್ತು. ಬೆಳಗಿನಿಂದ ಅವನು ತಾನು ಕೇಳಲಾರದ ವರದ ಮೇಲೆಯೇ ಒರಗಿ ಕೂತಿದ್ದನು.

"ಮತ್ತ ಈ ಬೀಗರ ಬಾವಿ, ಅರಸರು, ಹಿಸ್ಟರಿ ಸರ್?"

"ಸರ್ ಈ ಊರು ನೋಡೇ ಇಲ್ಲಪ್ಪಾ," ಎಂದಳು ನೀಲಾ. "ಈ ಬಾವಿಗೆ ಹೆಸರೂ ಇಲ್ಲ. ಮಾವಾರಿಗೆ 'ನಾನ ಮೊದಲ' ಅನ್ನಾಕ ಹೇಳಿಕೊಟ್ಟಾಕೀನೂ ನಾನ."

"ಈಗ 'ರೈಟ್' ಅಂದವರು ಯಾರು?"

ನೀಲಾ ಗಂಟಲು ಸರಿಮಾಡಿಕೊಂಡಳು. ಒಮ್ಮೆ ಕೆಮ್ಮಿದಳು. ಆ ಎಳೆಯ ಕೊರಳಿನಿಂದ ನಿವೃತ್ತ ಕಂಡಕ್ಟರನು ಇಡಿಯಾಗಿ ಹೊರಗೆ ಬಂದನು. "ಗುಡ್ಯಾಗ ಕಂಬಕ್ಕ ಜಾಗಾ ಬಿಡಬ್ಯಾಡ್ರಿ ಬೀಗರ. ಮುಂದ ನಡೀರಿ."

"ಗ್ಯಾದರಿಂಗಿನಾಗ ಇದಕ್ಕರಿ ಅಕೀಗೆ ಬಹುಮಾನ ಕೊಡ್ತಿದ್ದು," ಎಂದಳು ಗೌರವ್ವ. "ನೀವ ಕೇಳಿದ್ರ ಹೇಳ್ತಿದ್ವಿ."

ಅಂದಾನೆಪ್ಪ ಮಗಳನ್ನು ನೋಡಿದನು, ಬೀಗನನ್ನು ನೋಡಿದನು, ತನ್ನ ಮೊಳಕಾಲಿನ ಸುತ್ತ ಕಾಗದದ ದೋಣಿಯಂತೆ ತಿರುಗುತ್ತಿದ್ದ ಟೋಪಿಯನ್ನು ನೋಡಿದನು. ಮುಖ ಕೆಂಪಾಯಿತು, ಮೀಸೆ ಅದುರಿತು. ಸಿಟ್ಟೇ ಬಂತೆಂದು ಎಲ್ಲರೂ ಒಂದು ಗಳಿಗೆ ಹೆದರಿದರು. ದುಂಡಪ್ಪ ಅವಸರದಿಂದ ಮೂರನೆಯ ಮೆಟ್ಟಿಲಿಗೆ ಇಳಿದು, ಕೈ ಚಾಚಿದನು.

"ಬರ್ರಿ ಬೀಗರ, ಮ್ಯಾಲೆ ಹತ್ತೂಣು. ನೀವ ಮೊದಲ."

ಅಷ್ಟು ಸಾಕಾಯಿತು. ಮೊದಲು ಗಿರಣಿಯ ಬೆಲ್ಟು ಜಾರಿದಂತೆ ಎಲ್ಲೋ ಒಂದು ಕಿರಕ್ ಸದ್ದು; ಆಮೇಲೆ ಹೊಟ್ಟೆಯೊಳಗೆ ಚಕ್ರ ತಿರುಗಿದ ಗಡಗಡ; ಆಮೇಲೆ ಕಲ್ಲಿಗೆ ಕಲ್ಲು ಕೂತು ಪೂರಾ ಗಿರಣಿಯೇ ಚಾಲೂ ಆಯಿತು. ಗೌರವ್ವ ನಕ್ಕಳು, ಶಂಕ್ರವ್ವ ಶೇಂಗಾ ನೆತ್ತಿಗೇರಿ ಕೆಮ್ಮುತ್ತ ನಕ್ಕಳು, ದುಂಡಪ್ಪ ಚಾಚಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕನು, ನೀಲಾ ಕಣ್ಣೊರೆಸಿಕೊಂಡು ನಕ್ಕಳು. ಆದರೆ ಅವರಲ್ಲಿ ಒಬ್ಬರ ನಗುವೂ ಇನ್ನೊಬ್ಬರಿಗೆ ಕೇಳಲಿಲ್ಲ. ಹೆಸರಿಲ್ಲದ ಆ ಬಾವಿಯ ನಾಲ್ಕೂ ಗೋಡೆ ಗುಡುಗಿ, ಗೂಡಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಹಾರಿ, ಕೆರೆಯಾಚೆಯ ನಾಯಿಗಳು ಜಾಗ ಬದಲಾಯಿಸುವಂತೆ, ಮೊಳಕಾಲುದ್ದ ನೀರಿನಲ್ಲಿ, ಬೋಳುತಲೆಯನ್ನು ಹಿಂದಕ್ಕೆ ಚೆಲ್ಲಿ, ಅಂದಾನೆಪ್ಪ ನಗುತ್ತಿದ್ದನು.